ಯಾರಿಗೋ ಮಾಡಿದ ಬ್ಯಾಟರಿ

ನೀಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಅಲ್ಯೂಮಿನಿಯಂ ಡಬ್ಬಿ. ಎತ್ತರ ಸುಮಾರು 20 ಸೆಂಟಿಮೀಟರ್, ಅಗಲ 17, ದಪ್ಪ 7. ಒಂದು ದಪ್ಪ ನಿಘಂಟಿನ ಗಾತ್ರ. ತೂಕ ಹತ್ತಿರ ಹತ್ತಿರ ಐದೂವರೆ ಕಿಲೋ. ನೆತ್ತಿಯ ಮೇಲೆ ಎರಡು ಟರ್ಮಿನಲ್, ಜೊತೆಗೆ ಲೇಸರಿನಲ್ಲಿ ಕೊರೆದ ಕ್ಯೂಆರ್ ಕೋಡ್. ಇದು 3.2 ವೋಲ್ಟಿನ, 280 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಚೀನಾದ ಕಾರ್ಖಾನೆಗಳು ಇದನ್ನು ರಾಶಿ ರಾಶಿ ತಯಾರಿಸುವುದು ಸೋಲಾರ್ ಮತ್ತು ಗಾಳಿ ವಿದ್ಯುತ್ತನ್ನು ಕೂಡಿಡುವ ದೊಡ್ಡ ದೊಡ್ಡ ಕಂಟೇನರುಗಳಿಗಾಗಿ. ಆದರೆ ಯುರೋಪು, ಅಮೆರಿಕದ ಹಳೆಯ ಹಾಯಿದೋಣಿಗಳ ಮಾಲೀಕರು ಇಂಥ ಹದಿನಾರು ಸೆಲ್‌ಗಳನ್ನು ಬಿಡಿಯಾಗಿ ತರಿಸಿಕೊಂಡು, ಸಾಲಾಗಿ ಜೋಡಿಸಿ, ಡೀಸೆಲ್ ಎಂಜಿನ್ ಕಿತ್ತುಹಾಕಿದ ಜಾಗದಲ್ಲಿ ಕೂರಿಸಿಕೊಳ್ಳುತ್ತಾರೆ. ಒಟ್ಟು 51 ವೋಲ್ಟ್, 14 ಯೂನಿಟ್ ವಿದ್ಯುತ್ತು.

ಈ ಸೆಲ್ಲನ್ನು ರೂಪಿಸಿದವರ ತಲೆಯಲ್ಲಿ ಹಾಯಿದೋಣಿ ಇರಲಿಲ್ಲ. ಅದೇನೂ ಹೊಸದಲ್ಲ. ವಿದ್ಯುತ್ ದೋಣಿ ನೀರಿಗಿಳಿದು 185 ವರ್ಷ ದಾಟಿದೆ. ಅಷ್ಟು ಕಾಲವೂ ವಿಹಾರದೋಣಿಯವರು ನೆಚ್ಚಿಕೊಂಡಿದ್ದು ಪ್ರಯೋಗಾಲಯಕ್ಕೆ, ದೀಪಕ್ಕೆ, ಟ್ರಾಮಿಗೆ, ಗಾಲ್ಫ್ ಬಂಡಿಗೆ, ಬಸ್ಸಿಗೆ ಮಾಡಿದ ಬ್ಯಾಟರಿಗಳನ್ನೇ. ದೋಣಿಗಳ ಮಾರುಕಟ್ಟೆ ಅಷ್ಟು ಚಿಕ್ಕದು. ಅದಕ್ಕಾಗಿ ಯಾರೂ ದೊಡ್ಡ ಕಾರ್ಖಾನೆ ಕಟ್ಟುವುದಿಲ್ಲ. ಹಾಗಾಗಿ ಅಗ್ಗದ ಬ್ಯಾಟರಿ ಯಾವುದು ಎಂಬ ಪ್ರಶ್ನೆಗೆ ಆಯಾ ಕಾಲದಲ್ಲಿ ಉತ್ತರ ಸಿಕ್ಕಿದ್ದು ಬೇರೆ ಯಾವುದೋ ಉದ್ಯಮದ ಬಾಗಿಲಲ್ಲಿ.

ಮೊದಲ ದೋಣಿಗೆ ಹಣ ಕೊಟ್ಟವನು ರಷ್ಯದ ತ್ಸಾರ್ ಒಂದನೇ ನಿಕೊಲಸ್. ಜರ್ಮನ್ ಮೂಲದ ಎಂಜಿನಿಯರ್ ಮೋರಿಟ್ಜ್ ಯಾಕೋಬಿ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೆವಾ ನದಿಯಲ್ಲಿ 28 ಅಡಿ ಉದ್ದದ, ಪಕ್ಕದಲ್ಲಿ ಚಕ್ರ ತಿರುಗುವ ದೋಣಿಯೊಂದನ್ನು ಹತ್ತಾರು ಜನರನ್ನು ಕೂರಿಸಿಕೊಂಡು ಓಡಿಸಿದ. ಒಳಗೆ ಸತು ಮತ್ತು ತಾಮ್ರದ 320 ಡೇನಿಯಲ್ ಸೆಲ್‌ಗಳು. ವೇಗ ಮಾತ್ರ ನಡೆದು ಹೋಗುವ ಮನುಷ್ಯನಿಗಿಂತ ಕಡಿಮೆ. ಮರುವರ್ಷ ಯಾಕೋಬಿ ಹೆಚ್ಚು ಬಲದ ಗ್ರೋವ್ ಸೆಲ್‌ಗಳಿಗೆ ಬದಲಾಯಿಸಿದ. ಸಂಖ್ಯೆ ಇಳಿಯಿತು, ವೇಗ ಏರಿತು. ಆದರೆ ಗ್ರೋವ್ ಸೆಲ್‌ನಲ್ಲಿ ತಾಮ್ರದ ಬದಲು ಪ್ಲಾಟಿನಂ ಇರುತ್ತದೆ, ಜೊತೆಗೆ ನೈಟ್ರಿಕ್ ಆಮ್ಲ. ಆಮ್ಲದ ಹೊಗೆ ದೋಣಿಯಲ್ಲಿದ್ದವರ ಗಂಟಲು ಹಿಡಿಯಿತು. ಇನ್ನೂ ದೊಡ್ಡ ತೊಡಕೆಂದರೆ ಈ ಸೆಲ್‌ಗಳನ್ನು ಮತ್ತೆ ಚಾರ್ಜ್ ಮಾಡುವಂತಿರಲಿಲ್ಲ. ದೋಣಿ ಓಡಿದಷ್ಟೂ ಸತು ಕರಗುತ್ತಿತ್ತು, ಸತುವಿನ ಬೆಲೆಯ ಮುಂದೆ ಕಲ್ಲಿದ್ದಲಿನ ಬೆಲೆ ಲೆಕ್ಕಕ್ಕೇ ಇರಲಿಲ್ಲ. ಅರಮನೆಯ ಖಜಾನೆಗೂ ಇದು ದುಬಾರಿಯೆನಿಸಿ ಪ್ರಯೋಗ ಅಲ್ಲಿಗೇ ನಿಂತಿತು.

ಫ್ರಾನ್ಸಿನ ಗಾಸ್ಟನ್ ಪ್ಲಾಂತೆ 1859ರಲ್ಲಿ ಸೀಸ-ಆಮ್ಲದ ಬ್ಯಾಟರಿ ಮಾಡಿ ತೋರಿಸಿದ ಮೇಲೆ ಮತ್ತೆ ಮತ್ತೆ ಚಾರ್ಜ್ ಮಾಡುವ ದಾರಿ ತೆರೆಯಿತು. 1881ರಲ್ಲಿ ಕಮಿಲ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪ ಬಳಿಯುವ ವಿಧಾನ ಕಂಡುಹಿಡಿದ ಬಳಿಕ ಕಾರ್ಖಾನೆಯಲ್ಲಿ ತಯಾರಿಸುವುದೂ ಸುಲಭವಾಯಿತು. ಅದೇ ವರ್ಷ ಗುಸ್ತಾವ್ ಟ್ರೂವೆ ಪ್ಯಾರಿಸಿನ ಸೇನ್ ನದಿಯಲ್ಲಿ ಐದು ಮೀಟರಿನ ದೋಣಿಯೊಂದನ್ನು ವಿದ್ಯುತ್ತಿನಿಂದ ನಡೆಸಿದ. ಮೋಟಾರು, ಪ್ರೊಪೆಲ್ಲರು, ಚುಕ್ಕಾಣಿ ಎಲ್ಲವೂ ಸೇರಿದ ಒಂದೇ ಘಟಕವನ್ನು ದೋಣಿಯ ಹಿಂಬದಿಗೆ ತಗುಲಿಹಾಕಿದ್ದ. ಬೇಕೆಂದಾಗ ಬಿಚ್ಚಿ ಒಯ್ಯಬಹುದಿತ್ತು. ಇಂದಿನ ಔಟ್‌ಬೋರ್ಡ್ ಮೋಟಾರಿನ ಮೂಲ ಇದೇ. ಮುಂದಿನ ವರ್ಷ ಲಂಡನ್ನಿನಲ್ಲಿ ಆಂಟನಿ ರೆಕೆನ್‌ಜೌನ್ ರೂಪಿಸಿದ ‘ಎಲೆಕ್ಟ್ರಿಸಿಟಿ’ ಎಂಬ 25 ಅಡಿಯ ಕಬ್ಬಿಣದ ದೋಣಿ ಥೇಮ್ಸ್ ನದಿಯಲ್ಲಿ ಓಡಿತು. ಭೌತವಿಜ್ಞಾನಿ ಸಿಲ್ವನಸ್ ಥಾಮ್ಸನ್ ಅದರಲ್ಲಿ ಕುಳಿತು ಹೋಗಿ ಬಂದರು. ದೋಣಿಯ ಹಿಂದಿದ್ದ ಕಂಪನಿ ದೋಣಿ ಕಟ್ಟುವ ಕಂಪನಿಯೇ ಅಲ್ಲ, ಬ್ಯಾಟರಿ ಮಾರುವ ಎಲೆಕ್ಟ್ರಿಕಲ್ ಪವರ್ ಸ್ಟೋರೇಜ್ ಕಂಪನಿ. ತನ್ನ ಸರಕು ಏನೇನು ಮಾಡಬಲ್ಲದು ಎಂದು ತೋರಿಸಲು ಅದಕ್ಕೊಂದು ದೋಣಿ ಬೇಕಿತ್ತು, ಅಷ್ಟೆ.

ಮುಂದಿನ ಹತ್ತು-ಹದಿನೈದು ವರ್ಷ ವಿದ್ಯುತ್ ದೋಣಿಗಳ ಸುಗ್ಗಿ. 1886ರಲ್ಲಿ ‘ವೋಲ್ಟಾ’ ಎಂಬ 37 ಅಡಿಯ ದೋಣಿ ಒಮ್ಮೆ ತುಂಬಿದ ಚಾರ್ಜಿನಲ್ಲೇ ಡೋವರಿನಿಂದ ಕಲೇಗೆ ಹೋಗಿ, ಇಂಗ್ಲಿಷ್ ಕಾಲುವೆಯನ್ನು ಎರಡು ಸಲ ದಾಟಿ ವಾಪಸಾಯಿತು. ಮೋರಿಟ್ಜ್ ಇಮ್ಮಿಶ್ ಥೇಮ್ಸ್ ನದಿಯುದ್ದಕ್ಕೂ ಬಾಡಿಗೆ ದೋಣಿಗಳನ್ನು ಬಿಟ್ಟ, ಅವಕ್ಕೆಂದು ನೀರಿನ ಮೇಲೆ ತೇಲುವ ಚಾರ್ಜಿಂಗ್ ಕೇಂದ್ರಗಳನ್ನೂ ನಿಲ್ಲಿಸಿದ. 1893ರ ಶಿಕಾಗೊ ವಿಶ್ವಮೇಳದಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯುತ್ ದೋಣಿಗಳು ಹತ್ತು ಲಕ್ಷಕ್ಕೂ ಮಿಕ್ಕಿ ಪ್ರಯಾಣಿಕರನ್ನು ಸುತ್ತಾಡಿಸಿದವು. ಅವನ್ನು ಒದಗಿಸಿದ ಎಲೆಕ್ಟ್ರಿಕ್ ಲಾಂಚ್ ಕಂಪನಿ 1899ರಲ್ಲಿ ಐಸಾಕ್ ರೈಸ್ ಕೈಕೆಳಗಿನ ಎಲೆಕ್ಟ್ರಿಕ್ ಬೋಟ್ ಕಂಪನಿಯೊಳಗೆ ಸೇರಿಹೋಯಿತು. ರೈಸ್ ಅಮೆರಿಕದ ದೊಡ್ಡ ಬ್ಯಾಟರಿ ಉದ್ಯಮದ ಯಜಮಾನ. ಸೀಸದ ಬ್ಯಾಟರಿಗೆ ಗಿರಾಕಿಯಾಗಿ ಆತನಿಗೆ ವಿಹಾರದೋಣಿಗಿಂತ ಜಲಾಂತರ್ಗಾಮಿ ನೌಕೆ ಎಷ್ಟೋ ಪಾಲು ಲಾಭದಾಯಕವಾಗಿ ಕಂಡಿತು.

ಅಷ್ಟರಲ್ಲಿ ಪೆಟ್ರೋಲ್ ಎಂಜಿನ್ ಬಂತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್, ಡೀಸೆಲಿನಲ್ಲಿ ಹತ್ತು ಯೂನಿಟ್ ಶಕ್ತಿ ಅಡಗಿದೆ. ಅದರಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹಾಳಾದರೂ ಸೀಸದ ಬ್ಯಾಟರಿ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ವಿದ್ಯುತ್ ದೋಣಿ ಹೊಗೆ ಬೇಡವೆಂದ ಕೆಲವೇ ಸರೋವರಗಳಿಗೆ ಸೀಮಿತವಾಯಿತು. ಬವೇರಿಯದ ಕೋನಿಗ್ಸ್‌ಸೀ ಅಂಥದ್ದರಲ್ಲಿ ಹೆಸರಾಂತದ್ದು. ಅಲ್ಲಿ 1909ರಿಂದ ಈವರೆಗೂ ಪ್ರವಾಸಿಗರ ದೋಣಿ ನಡೆಯುತ್ತಿರುವುದು ಬ್ಯಾಟರಿಯಲ್ಲೇ.

ಹಾಯಿದೋಣಿಯ ಕತೆ ಬೇರೆ. ಅದಕ್ಕೆ ಎಂಜಿನ್ ಬೇಕಾಗುವುದು ಬಂದರಿನಿಂದ ಹೊರಬೀಳಲು, ಮತ್ತೆ ಒಳಬರಲು, ನಡುವೆ ಗಾಳಿ ಬಿದ್ದುಹೋದಾಗ. ಉಳಿದ ಹೊತ್ತೆಲ್ಲ ಗಾಳಿಯದೇ ದುಡಿಮೆ. ಹಾಗಿದ್ದೂ ಇಪ್ಪತ್ತನೇ ಶತಮಾನದುದ್ದಕ್ಕೂ ಹಾಯಿದೋಣಿಗಳು ಡೀಸೆಲ್ ಎಂಜಿನ್ನನ್ನೇ ಹೊತ್ತು ತಿರುಗಿದವು. ಆ ಎಂಜಿನ್ ವರ್ಷದ ಬಹುಪಾಲು ಸುಮ್ಮನೆ ಕೂತು, ಉಪ್ಪುಗಾಳಿಗೆ ತುಕ್ಕು ಹಿಡಿದು, ಬೇಕಾದ ಗಳಿಗೆಯಲ್ಲೇ ಕೈಕೊಡುವುದು ಅಪರೂಪವಲ್ಲ. ಐವತ್ತು ವರ್ಷ ಹಳೆಯ ದೋಣಿಗೆ ಹೊಸ ಡೀಸೆಲ್ ಎಂಜಿನ್ ಹಾಕಿಸುವ ಖರ್ಚು ಎಷ್ಟೋ ಸಲ ದೋಣಿಯ ಬೆಲೆಯನ್ನೇ ಮೀರುತ್ತದೆ. ಮೋಟಾರಿನತ್ತ ಮೊದಲು ಕಣ್ಣು ಹಾಯಿಸಿದವರು ಹೀಗೆ ಕೆಟ್ಟ ಎಂಜಿನ್ ಮುಂದೆ ತಲೆ ಮೇಲೆ ಕೈಹೊತ್ತು ಕೂತವರು.

ಅವರ ಮೊದಲ ಬ್ಯಾಟರಿ ಗಾಲ್ಫ್ ಮೈದಾನದಿಂದ ಬಂತು. ಅಮೆರಿಕದಲ್ಲಿ ಗಾಲ್ಫ್ ಬಂಡಿಗೆಂದು ಮಾಡುವ ಟ್ರೋಜನ್ ಟಿ-105 ಎಂಬ ಆರು ವೋಲ್ಟಿನ ಸೀಸದ ಬ್ಯಾಟರಿ ಸುಲಭವಾಗಿ, ಸೋವಿಯಾಗಿ ಸಿಗುತ್ತಿತ್ತು. ಎಂಟು ಜೋಡಿಸಿದರೆ 48 ವೋಲ್ಟ್, ಹತ್ತಿರ ಹತ್ತಿರ 11 ಯೂನಿಟ್. ತೂಕ ಮಾತ್ರ 220 ಕಿಲೋ ಮೀರುತ್ತಿತ್ತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಷ್ಯ ಕುಗ್ಗುವುದರಿಂದ ಕೈಗೆ ಸಿಗುತ್ತಿದ್ದದ್ದು ಐದಾರು ಯೂನಿಟ್. ಮೋಟಾರು ಜೋರಾಗಿ ಎಳೆದಷ್ಟೂ ಅದೂ ಕಡಿಮೆಯಾಗುತ್ತಿತ್ತು. ಬಳಸಿದ ಮೇಲೆ ಪೂರ್ತಿ ಚಾರ್ಜ್ ಮಾಡದೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಲಂಗರು ಹಾಕಿ ನಿಂತ ದೋಣಿಯಲ್ಲಿ ಪೂರ್ತಿ ಚಾರ್ಜ್ ಎಂಬುದು ಬಿಸಿಲು ಕೊಟ್ಟಷ್ಟು. ಮೂರು-ನಾಲ್ಕು ವರ್ಷಕ್ಕೊಮ್ಮೆ ಎಂಟೂ ಬ್ಯಾಟರಿ ಬದಲಾಯಿಸಬೇಕಾಗಿ ಬಂದಾಗ ಸೋವಿಯ ಮಾತು ಸುಳ್ಳಾಗುತ್ತಿತ್ತು.

ಲಿಥಿಯಂ ಬಂದದ್ದು ಕ್ಯಾಮೆರಾದ ದಾರಿಯಲ್ಲಿ. 1970ರ ದಶಕದಲ್ಲಿ ಎಕ್ಸಾನ್ ಕಂಪನಿಯಲ್ಲಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಹಾಕಿದ ಅಡಿಪಾಯ, 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡೆನಫ್ ತಂಡ ಕಂಡುಕೊಂಡ ಕೋಬಾಲ್ಟ್ ಆಕ್ಸೈಡ್, 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಕೂಡಿಸಿದ ಇಂಗಾಲದ ಧ್ರುವ, ಇವು ಒಟ್ಟಾಗಿ 1991ರಲ್ಲಿ ಸೋನಿ ಕಂಪನಿಯ ಕ್ಯಾಮೆರಾ ಬ್ಯಾಟರಿಯಾಗಿ ಅಂಗಡಿಗೆ ಬಂದವು. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಆದರೆ ಕೋಬಾಲ್ಟ್ ದುಬಾರಿ, ಬಿಸಿಯೇರಿದರೆ ಆಮ್ಲಜನಕ ಬಿಟ್ಟುಕೊಟ್ಟು ಬೆಂಕಿಗೆ ತಾನೇ ಗಾಳಿಯೂದುವ ಜಾತಿ. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳ ಇಂಥ ಬ್ಯಾಟರಿಗಳು ಸುಟ್ಟು, ಜಗತ್ತಿನಾದ್ಯಂತ ಆ ಮಾದರಿಯ ವಿಮಾನಗಳನ್ನೇ ನೆಲಕ್ಕಿಳಿಸಬೇಕಾಯಿತು. ನಡುಕಡಲಲ್ಲಿ, ಫೈಬರ್‌ಗ್ಲಾಸ್ ದೋಣಿಯ ಹೊಟ್ಟೆಯಲ್ಲಿ ಅದನ್ನಿಟ್ಟುಕೊಂಡು ನಿದ್ದೆ ಮಾಡುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ.

ದೋಣಿಗೆ ಒಗ್ಗುವ ಲಿಥಿಯಂ ಹುಟ್ಟಿದ್ದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಗುಡೆನಫ್ ಅವರ ಪ್ರಯೋಗಾಲಯದಲ್ಲಿ ಅಕ್ಷಯ ಪಾಢಿ ಮತ್ತು ಕೆ.ಎಸ್. ನಂಜುಂಡಸ್ವಾಮಿ ಕಬ್ಬಿಣ, ರಂಜಕ, ಆಮ್ಲಜನಕ ಸೇರಿದ ಆಲಿವಿನ್ ರಚನೆಯ ವಸ್ತುವಿನೊಳಗೆ ಲಿಥಿಯಂ ಹೋಗಿ ಬರುವುದನ್ನು ತೋರಿಸಿದರು. ಮೂವರ ಪ್ರಬಂಧ ಪ್ರಕಟವಾದದ್ದು 1997ರಲ್ಲಿ. ನಂಜುಂಡಸ್ವಾಮಿ ಅದಕ್ಕೂ ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಗೋಪಾಲಕೃಷ್ಣನ್ ಅವರ ಜೊತೆ ಲೋಹದ ಆಕ್ಸೈಡುಗಳ ಮೇಲೆ ಕೆಲಸ ಮಾಡಿದ್ದವರು. ಈ ಐರನ್ ಫಾಸ್ಫೇಟಿನಲ್ಲಿ ರಂಜಕ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಸೆಲ್ ಬಿಸಿಯಾದರೂ ಆಮ್ಲಜನಕ ಸುಲಭಕ್ಕೆ ಹೊರಬರುವುದಿಲ್ಲ. ಕಬ್ಬಿಣಕ್ಕೂ ರಂಜಕಕ್ಕೂ ಬರವಿಲ್ಲ. ಕೋಬಾಲ್ಟಿನ ಸೆಲ್‌ಗಿಂತ ತೂಕಕ್ಕೆ ಶಕ್ತಿ ಕಡಿಮೆ ಎಂಬುದೊಂದೇ ಕೊರತೆ. ಫೋನಿಗೆ ಅದು ದೊಡ್ಡ ಕೊರತೆ. ಅಡಿಯಲ್ಲಿ ಟನ್‌ಗಟ್ಟಲೆ ಸೀಸ, ಕಬ್ಬಿಣ ಕಟ್ಟಿಕೊಂಡೇ ನೆಟ್ಟಗೆ ನಿಲ್ಲುವ ಹಾಯಿದೋಣಿಗೆ ಅದೊಂದು ಕೊರತೆಯೇ ಅಲ್ಲ.

ಪ್ರಯೋಗಾಲಯದಿಂದ ಅಂಗಡಿಗೆ ಬರುವ ದಾರಿ ಮಾತ್ರ ಕೋರ್ಟು ಕಚೇರಿಗಳ ಮೂಲಕ ಹಾದುಹೋಯಿತು. ಜಪಾನಿನ ಎನ್‌ಟಿಟಿ ಕಂಪನಿಯ ಮೇಲೆ ಟೆಕ್ಸಾಸ್ ವಿಶ್ವವಿದ್ಯಾಲಯ ಹೂಡಿದ ದಾವೆ 2008ರಲ್ಲಿ 3 ಕೋಟಿ ಡಾಲರಿಗೆ ರಾಜಿಯಾಯಿತು. ಎಂಐಟಿಯ ಯೆಟ್-ಮಿಂಗ್ ಚಿಯಾಂಗ್ ಮತ್ತಿತರರು 2001ರಲ್ಲಿ ಕಟ್ಟಿದ ಎ123 ಸಿಸ್ಟಮ್ಸ್ ಈ ರಸಾಯನದ ಮೇಲೆಯೇ ಬೆಳೆದು 2012ರಲ್ಲಿ ದಿವಾಳಿಯೆದ್ದಿತು. ಅದನ್ನು ಕೊಂಡದ್ದು ಚೀನಾದ ವಾನ್‌ಶಿಯಾಂಗ್. ಚೀನಾದ ತಯಾರಕರಿಗೆ ತಮ್ಮ ದೇಶದೊಳಗಿನ ಮಾರಾಟಕ್ಕೆ ಪೇಟೆಂಟ್ ಶುಲ್ಕದ ಹೊರೆ ಇರಲಿಲ್ಲ. ಮೇಲಾಗಿ ಬಸ್ಸುಗಳಿಗೆ ಸರ್ಕಾರದ ಸಹಾಯಧನವೂ ಇತ್ತು. ಶೆನ್‌ಜೆನ್ ನಗರ 2017ರ ಕೊನೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ಬದಲಾಯಿಸಿತು. ಮುಖ್ಯ ಪೇಟೆಂಟುಗಳ ಅವಧಿ 2022ರಲ್ಲಿ ಮುಗಿಯುವ ವೇಳೆಗೆ ಈ ಉದ್ಯಮ ಬಹುಪಾಲು ಚೀನಾದ್ದೇ ಆಗಿತ್ತು.

ಅದೇ ಶೆನ್‌ಜೆನ್‌ನ ಥಂಡರ್ ಸ್ಕೈ ಕಂಪನಿಯ ಹಳದಿ ಪ್ಲಾಸ್ಟಿಕ್ ಡಬ್ಬಿಯ ಸೆಲ್‌ಗಳು ಹಾಯಿದೋಣಿಯವರ ಕೈಗೆ ಸಿಕ್ಕ ಮೊದಲ ಫಾಸ್ಫೇಟ್ ಬ್ಯಾಟರಿಗಳು. 2000ದ ದಶಕದ ಕೊನೆಯಲ್ಲಿ ಹಳೆಯ ಕಾರುಗಳನ್ನು ವಿದ್ಯುತ್ತಿಗೆ ಬದಲಾಯಿಸುವ ಹವ್ಯಾಸಿಗಳು ಇವನ್ನು ತರಿಸುತ್ತಿದ್ದರು; ಅವರ ಬೆನ್ನಿಗೆ ದೋಣಿಯವರು ಬಂದರು. ಇನ್ನು ಕೆಲವರು ಗುಜರಿಗೆ ಬಿದ್ದ ನಿಸಾನ್ ಲೀಫ್ ಕಾರುಗಳಿಂದ ಬ್ಯಾಟರಿಯ ಮಾಡ್ಯೂಲುಗಳನ್ನು ಕಿತ್ತು ತಂದರು. ಅಗ್ಗ ಹೌದು, ಆದರೆ ಫಾಸ್ಫೇಟ್ ಜಾತಿಯಲ್ಲ. ಹಣವುಳ್ಳವರಿಗೆ ಬೇರೆ ದಾರಿಯಿತ್ತು. ಎಂಜಿನ್ ದೋಣಿಗಳಿಗೆ ಬಿಗಿ ಕಡಿವಾಣವಿರುವ ಬವೇರಿಯದ ಸರೋವರದ ದಂಡೆಯಲ್ಲಿ, ಸ್ಟಾರ್ನ್‌ಬೆರ್ಗ್ ಊರಿನಲ್ಲಿ 2005ರಲ್ಲಿ ಹುಟ್ಟಿದ ಟೊರ್ಕೀಡೊ ಕಂಪನಿ, ಫಿನ್ಲೆಂಡಿನ ಓಷನ್‌ವೋಲ್ಟ್ ಇಂಥವು ದೋಣಿಗೆಂದೇ ಮೋಟಾರು, ಬ್ಯಾಟರಿ ಹೊಂದಿಸಿ ಕೊಡತೊಡಗಿದವು. ಓಷನ್‌ವೋಲ್ಟ್ ವ್ಯವಸ್ಥೆಯಲ್ಲಿ ಹಾಯಿಯ ಬಲದಿಂದ ದೋಣಿ ಓಡುವಾಗ ನೀರು ಪ್ರೊಪೆಲ್ಲರನ್ನು ತಿರುಗಿಸಿ ಬ್ಯಾಟರಿಯನ್ನು ತುಂಬುತ್ತದೆ.

ಬೆಲೆ ಬಿದ್ದದ್ದು ಎಲ್ಲರ ಎಣಿಕೆ ಮೀರಿ. ಬ್ಲೂಮ್‌ಬರ್ಗ್‌ಎನ್‌ಇಎಫ್ ಪ್ರತಿವರ್ಷ ನಡೆಸುವ ಸಮೀಕ್ಷೆಯ ಪ್ರಕಾರ 2010ರಲ್ಲಿ ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್ ಮೀರಿದ್ದ ಲಿಥಿಯಂ ಬ್ಯಾಟರಿಯ ಸರಾಸರಿ ದರ 2024ರಲ್ಲಿ 115 ಡಾಲರಿಗೆ ಇಳಿದಿತ್ತು. ಗಾಲ್ಫ್ ಬಂಡಿಯ ಎಂಟು ಬ್ಯಾಟರಿಗಳ ಜಾಗಕ್ಕೆ ಬಂದ ಹದಿನಾರು ನೀಲಿ ಸೆಲ್‌ಗಳು ತೂಗುವುದು 90 ಕಿಲೋದೊಳಗೆ. ಶೇಕಡ 80ರಷ್ಟು ಬಳಸಿದರೂ ಹನ್ನೊಂದೂವರೆ ಯೂನಿಟ್ ಕೈಗೆ ಸಿಗುತ್ತದೆ. ಅಂದರೆ ಅರ್ಧಕ್ಕಿಂತ ಕಡಿಮೆ ತೂಕ, ದುಪ್ಪಟ್ಟು ವಿದ್ಯುತ್ತು.

ಹನ್ನೊಂದೂವರೆ ಯೂನಿಟ್ ಎಂದರೆ ಎಷ್ಟು ದೂರ? ಒಂಬತ್ತು-ಹತ್ತು ಮೀಟರಿನ ಹಾಯಿದೋಣಿ ಶಾಂತ ನೀರಲ್ಲಿ ನಾಲ್ಕು ನಾಟ್ ವೇಗದಲ್ಲಿ ಸಾಗಲು ಎರಡೂವರೆ ಕಿಲೋವಾಟ್ ಆಸುಪಾಸು ಬೇಕು. ನಾಲ್ಕೂವರೆ ಗಂಟೆ ಓಡಿಸಬಹುದು, ಹದಿನೆಂಟು ನಾಟಿಕಲ್ ಮೈಲಿ. ಅದೇ ದೋಣಿಗೆ ಆರು ನಾಟ್ ಬೇಕೆಂದರೆ ಎಂಟು-ಹತ್ತು ಕಿಲೋವಾಟ್ ಸುರಿಯಬೇಕು. ಒಂದೂಕಾಲು ಗಂಟೆಯಲ್ಲಿ ಬ್ಯಾಟರಿ ಬರಿದು, ಸಾಗಿದ ದೂರ ಎಂಟು ಮೈಲಿಯೂ ಇಲ್ಲ. ಡೀಸೆಲಿನ ಲೆಕ್ಕದಲ್ಲಿ ಇಡೀ ಬ್ಯಾಟರಿ ಐದು ಲೀಟರಿನ ಕ್ಯಾನಿಗೆ ಸಮ. ಬ್ಯಾಟರಿ ಎಷ್ಟು ದೊಡ್ಡದಿರಬೇಕು ಎಂಬ ಚರ್ಚೆ ಕೊನೆಗೆ ಮುಟ್ಟುವುದು ಮಾಲೀಕನ ತಾಳ್ಮೆಯ ಅಳತೆಗೆ. ಗಾಳಿಗೆ ಕಾಯಬಲ್ಲವನಿಗೆ ಹದಿನಾರು ಸೆಲ್ ಧಾರಾಳ. ಸಂಜೆಯೊಳಗೆ ಇಂಥ ಬಂದರು ಸೇರಲೇಬೇಕು ಎನ್ನುವವನಿಗೆ ಮೂವತ್ತೆರಡೂ ಸಾಲದು.

ಸೋವಿಯ ಸೆಲ್ ಆರಿಸುವುದು ಈಗ ಒಂದು ಕಸುಬೇ ಆಗಿಬಿಟ್ಟಿದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದವು ‘ಎ’ ದರ್ಜೆ. ಸಾಮರ್ಥ್ಯ ತುಸು ಕಡಿಮೆಯಾದವು, ದಾಸ್ತಾನಿನಲ್ಲಿ ಹಳತಾದವು ‘ಬಿ’. ಬಿಡಿ ಮಾರಾಟಕ್ಕೆ ಬರುವವರಲ್ಲಿ ‘ಬಿ’ಯನ್ನು ‘ಎ’ ಎಂದು ಸಾಗಹಾಕುವವರಿದ್ದಾರೆ. ನೆತ್ತಿಯ ಮೇಲಿನ ಕ್ಯೂಆರ್ ಕೋಡ್ ತಯಾರಿಕೆಯ ದಿನಾಂಕ ಹೇಳುತ್ತದೆ. ಹಳೆಯ ಕೋಡ್ ಉಜ್ಜಿ ಹೊಸದನ್ನು ಕೊರೆದಿದ್ದರೆ ಆ ಜಾಗದಲ್ಲಿ ಗೀರು ಕಾಣುತ್ತದೆ. ಡಬ್ಬಿಯ ಹೊಟ್ಟೆ ಉಬ್ಬಿದೆಯೇ, ಟರ್ಮಿನಲ್ ಮೇಲೆ ಮೊದಲೇ ಬೆಸುಗೆ ಹಾಕಿ ಕಿತ್ತ ಗುರುತಿದೆಯೇ ಎಂದು ನೋಡುವುದು ಮೊದಲ ಕೆಲಸ. ಆಮೇಲೆ ಒಳರೋಧ ಅಳೆಯುವುದು. ಒಳ್ಳೆಯ ಸೆಲ್‌ನಲ್ಲಿ ಅದು ಒಂದು ಮಿಲಿಓಮ್‌ನ ಕಾಲು ಭಾಗದಷ್ಟೂ ಇರುವುದಿಲ್ಲ. ಮುಖ್ಯವಾಗಿ ಹದಿನಾರೂ ಒಂದಕ್ಕೊಂದು ಹೊಂದಬೇಕು, ಏಕೆಂದರೆ ಸಾಲಿನಲ್ಲಿರುವ ಸೋತ ಸೆಲ್ ಎಷ್ಟೋ ಇಡೀ ಬ್ಯಾಟರಿ ಅಷ್ಟೇ. ಎಲ್ಲವನ್ನೂ ಸಮಾನಾಂತರವಾಗಿ ಜೋಡಿಸಿ 3.65 ವೋಲ್ಟಿಗೆ ಏರಿಸಿ ಒಂದೇ ಮಟ್ಟಕ್ಕೆ ತಂದ ಮೇಲೆಯೇ ಸಾಲಾಗಿ ಕಟ್ಟುವುದು ಬಲ್ಲವರ ರೂಢಿ.

ಉಳಿಸಿದ ದುಡ್ಡು ಕರಗುವುದು ಸೆಲ್‌ನ ಸುತ್ತಮುತ್ತ. ಪ್ರತಿ ಸೆಲ್‌ನ ವೋಲ್ಟೇಜ್ ಕಾಯುವ ಬಿಎಂಎಸ್, ಸಾವಿರಾರು ಆಂಪಿಯರ್ ಹರಿಯಬಲ್ಲ ಶಾರ್ಟ್ ಸರ್ಕ್ಯೂಟನ್ನು ಕಡಿಯುವ ತಕ್ಕ ಫ್ಯೂಸು, ಉಪ್ಪುಗಾಳಿಗೆ ಕಪ್ಪಾಗದಂತೆ ತವರ ಲೇಪಿಸಿದ ತಾಮ್ರದ ಪಟ್ಟಿ, ದೋಣಿ ಅಲೆಗೆ ವಾಲಿದಾಗ ಅಲುಗದ ಪೆಟ್ಟಿಗೆ, ಒಂದೊಂದಕ್ಕೂ ಹಣ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್ಲನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಕೆಡುತ್ತದೆ. ಉತ್ತರದ ದೇಶಗಳಲ್ಲಿ ಅದಕ್ಕೊಂದು ಬಿಸಿಪಟ್ಟಿ ಬೇರೆ. ಬಿಎಂಎಸ್ ತಾನೇ ಅಪಾಯ ತರುವುದೂ ಉಂಟು. ತುಂಬಿದ ಬ್ಯಾಟರಿಗೆ ಪ್ರೊಪೆಲ್ಲರ್ ವಿದ್ಯುತ್ ತುರುಕುತ್ತಿರುವಾಗ ಅದು ಸಂಪರ್ಕ ಕಡಿದರೆ ಏರಿದ ವೋಲ್ಟೇಜು ಮೋಟಾರಿನ ಕಂಟ್ರೋಲರನ್ನು ಸುಡಬಹುದು. ಬಂದರಿನ ಬಾಯಲ್ಲಿ ಕಡಿದರೆ ದೋಣಿ ಬಂಡೆಗೆ ಬಡಿಯಬಹುದು. ಅಮೆರಿಕದ ದೋಣಿ ಉದ್ಯಮದ ಎಬಿವೈಸಿ ಮಂಡಳಿ 2022ರಲ್ಲಿ ತಂದ ಇ-13 ಮಾನದಂಡದಲ್ಲಿ, ಸಂಪರ್ಕ ಕಡಿಯುವ ಮೊದಲು ಚುಕ್ಕಾಣಿ ಹಿಡಿದವನಿಗೆ ಎಚ್ಚರಿಕೆ ಸಿಗಬೇಕೆಂಬ ನಿಯಮ ಸೇರಿದ್ದು ಇದಕ್ಕಾಗಿಯೇ. ವಿಮೆ ಕಂಪನಿಗಳು ದೋಣಿ ನೋಡಲು ಬಂದಾಗ ಈಗ ಕೇಳುವುದು ಸೆಲ್‌ನ ಬೆಲೆಯನ್ನಲ್ಲ, ಈ ವ್ಯವಸ್ಥೆಯನ್ನು.

ಭಾರತದಲ್ಲಿ ದೋಣಿಗೆ ಲಿಥಿಯಂ ಬಂದದ್ದು ಹಾಯಿಯ ಮೂಲಕವಲ್ಲ, ಕೇರಳದ ಕಡವಿನ ಮೂಲಕ. ಕೊಚ್ಚಿಯ ನವಾಲ್ಟ್ ಸಂಸ್ಥೆ ಕಟ್ಟಿದ 75 ಜನರ ‘ಆದಿತ್ಯ’ ಸೋಲಾರ್ ದೋಣಿ 2017ರ ಜನವರಿಯಿಂದ ವೈಕಂ ಮತ್ತು ತವಣಕ್ಕಡವು ನಡುವೆ ಓಡಾಡುತ್ತಿದೆ. ಮಾಡಿನ ಮೇಲೆ 20 ಕಿಲೋವಾಟಿನ ಫಲಕಗಳು, ಒಳಗೆ 50 ಯೂನಿಟ್ ಬ್ಯಾಟರಿ. 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೊ ಬೇರೆಯದೇ ಆಯ್ಕೆ ಮಾಡಿತು. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ನೂರು ಜನರ ಆ ದೋಣಿಗಳಲ್ಲಿರುವುದು ಲಿಥಿಯಂ ಟೈಟನೇಟ್ ಬ್ಯಾಟರಿ. ಯೂನಿಟ್ ಲೆಕ್ಕದಲ್ಲಿ ಫಾಸ್ಫೇಟಿಗಿಂತ ಎಷ್ಟೋ ದುಬಾರಿ, ತೂಕವೂ ಹೆಚ್ಚು. ಆದರೆ ಜನ ಇಳಿದು ಹತ್ತುವ ಹತ್ತು-ಹದಿನೈದು ನಿಮಿಷದಲ್ಲಿ ಚಾರ್ಜ್ ಆಗುತ್ತದೆ, ಬೆಳಗಿನಿಂದ ರಾತ್ರಿಯವರೆಗೆ ಹಾಗೆ ಎಷ್ಟು ಸಲ ತುಂಬಿದರೂ ವರ್ಷಾನುಗಟ್ಟಲೆ ತಾಳುತ್ತದೆ. ನಿಲ್ಲದೆ ದುಡಿಯುವ ಆ ದೋಣಿಗೆ ಅದೇ ಅಗ್ಗ. ಶನಿವಾರ ಹೊರಟು ಭಾನುವಾರ ಮರಳಿ, ಉಳಿದೈದು ದಿನ ಧಕ್ಕೆಯಲ್ಲಿ ಕಟ್ಟಿಹಾಕಿಸಿಕೊಂಡಿರುವ ಹಾಯಿದೋಣಿಗೆ ಆ ಗುಣಕ್ಕೆ ಹಣ ಕೊಡುವ ಅಗತ್ಯವಿಲ್ಲ. ಮಾಡಿನ ಮೇಲಿನ ಎರಡು ಸೋಲಾರ್ ಫಲಕ ವಾರವಿಡೀ ನಿಧಾನವಾಗಿ ತುಂಬಿಸಿದರೂ ನಡೆಯುತ್ತದೆ. ಹಾಗಾಗಿ ಅದರ ಮಾಲೀಕ ಇನ್ನೂ ಕೆಲವು ವರ್ಷ ವಿದ್ಯುತ್ ಜಾಲದ ಕಂಟೇನರಿಗೆಂದು ಮಾಡಿದ ಸೆಲ್‌ಗಳ ಕ್ಯೂಆರ್ ಕೋಡನ್ನೇ ಭೂತಗನ್ನಡಿ ಹಿಡಿದು ನೋಡುತ್ತಿರುತ್ತಾನೆ.